ವ್ಯಸನಮುಕ್ತಿಯ ಸಲಹೆಗಾರರು: ಅರ್ಹತೆಯ ಅಳತೆ ಮತ್ತು ಪರಸ್ಪರ ಮನ್ನಣೆ

ನಮ್ಮ ಹಿರಿಯರ ಕಾಲದಲ್ಲಿ ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮನಾಗಿರಲಿಲ್ಲ. ಒಂದು ಸಂತೆಯಲ್ಲಿ ಕೊಂಡ ರಾಗಿಯನ್ನು ಮತ್ತೊಂದು ಸಂತೆಯ ಸೇರಿನಲ್ಲಿ ಅಳೆದರೆ ಲೆಕ್ಕ ಕೂಡುತ್ತಿರಲಿಲ್ಲ. ೧೯೫೬ರಲ್ಲಿ ತೂಕ ಮತ್ತು ಅಳತೆಗಳ ಶಾಸನವಾಗಿ ಮೆಟ್ರಿಕ್ ಪದ್ಧತಿಯು ಕ್ರಮವಾಗಿ ಜಾರಿಗೆ ಬಂದ ಮೇಲೆ ಈ ತೊಡಕು ನಿವಾರಣೆಯಾಯಿತು. ಧಾನ್ಯದ ಮಾತು ಹೀಗಾಯಿತು. ಮನುಷ್ಯನ ಕೌಶಲವನ್ನು ಅಳೆಯುವುದು ಹೇಗೆ? ಒಂದು ನಾಡಿನಲ್ಲಿ ಅಳೆದು ಒಪ್ಪಿದ ಕೌಶಲವನ್ನು ಇನ್ನೊಂದು ನಾಡಿನವರು ಮತ್ತೆ ಅಳೆಯದೆ ಒಪ್ಪಬಹುದೆ? ಈ ಪ್ರಶ್ನೆಯನ್ನು ನಾವು ಒಂದು ವೃತ್ತಿಯನ್ನು ಮುಂದಿಟ್ಟುಕೊಂಡು ಪರಿಶೀಲಿಸೋಣ. ಆ ವೃತ್ತಿಯೇ ಕುಡಿತ ಮೊದಲಾದ ವ್ಯಸನಗಳಿಗೆ ಸಿಕ್ಕಿದವರಿಗೆ ನೆರವಾಗುವ ಸಲಹೆಗಾರರದು. ಇದು ಒಂದು ವೃತ್ತಿಯಾಗಿ ರೂಪುಗೊಂಡದ್ದೂ, ಪರಸ್ಪರ ಮನ್ನಣೆಯ ಪ್ರಶ್ನೆ ತೀವ್ರವಾಗಿ ಎದ್ದದ್ದೂ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಆದುದರಿಂದ ಮೊದಲು ಅಲ್ಲಿನ ಸಂಗತಿಯನ್ನು ತಿಳಿದು, ಅನಂತರ ನಮ್ಮ ದೇಶಕ್ಕೆ ಬರೋಣ.

ವೃತ್ತಿ ಹುಟ್ಟಿದ ಬಗೆ

ವೈದ್ಯವೃತ್ತಿಯೂ ವಕೀಲಿವೃತ್ತಿಯೂ ಕಾಲೇಜುಗಳಿಂದ ಬೆಳೆದುವು. ವ್ಯಸನಮುಕ್ತಿಯ ಸಲಹೆಗಾರಿಕೆಯಾದರೋ ರೋಗಿಗಳ ನಡುವಿನಿಂದಲೇ ಎದ್ದು ಬಂದಿತು. ೧೯೦೬ರಲ್ಲಿ ಬಾಸ್ಟನ್ ನಗರದ ಎಮ್ಯಾನ್ಯುಯಲ್ ಚರ್ಚಿನಲ್ಲಿ ಎಲ್ವುಡ್ ವೂಸ್ಟರ್ ಎಂಬ ಪಾದ್ರಿಗಳು ನರದೌರ್ಬಲ್ಯವುಳ್ಳವರಿಗೂ ಮದ್ಯವ್ಯಸನಿಗಳಿಗೂ ಸಲಹೆ ನೀಡುವ ಏರ್ಪಾಡೊಂದನ್ನು ಆರಂಭಿಸಿದರು. ಅಲ್ಲಿ ಗುಣಹೊಂದಿದ ಕೋರ್ಟ್ನಿ ಬೇಲರ್ ಎಂಬವರು ಕೆಲಕಾಲದಲ್ಲೇ ತಾವೇ ಇತರರಿಗೆ ಸಲಹೆ ಕೊಡತೊಡಗಿದರು. ೧೯೩೫ರಲ್ಲಿ ಒಹಾಯೋದ ಆಕ್ರನ್ ಪಟ್ಟಣದಲ್ಲಿ 'ಆಲ್ಕೊಹಾಲಿಕ್ಸ್ ಅನಾನಿಮಸ್' ಎಂಬ ಕೂಟ ಹುಟ್ಟಿತು. ಕುಡಿತವನ್ನು ಬಿಟ್ಟವನು ಬಿಡಬಯಸುವವನಿಗೆ ನೆರವಾಗುವುದೇ ಇದರ ತಿರುಳು. ಆದರೆ ಇದು ಸ್ನೇಹದ ನೆರವು, ಸಂಬಳದ ಕೆಲಸವಲ್ಲ.

ಸಂಬಳದ ಕೆಲಸವಾಗಿ ಇದಕ್ಕೆ ಸರ್ಕಾರಿ ಹೆಸರು ದೊರೆತದ್ದು ಮಿನ್ನೆಸೋಟದಲ್ಲಿ. ಅಲ್ಲಿನ ವಿಲ್ಮರ್ ಆಸ್ಪತ್ರೆಯಲ್ಲಿ ನೆಲ್ಸನ್ ಬ್ರ್ಯಾಡ್ಲಿ ಮತ್ತು ಡಾನ್ ಆಂಡರ್ಸನ್ ಎಂಬವರು ವೈದ್ಯರು, ಮನಶ್ಶಾಸ್ತ್ರಜ್ಞರು, ದಾದಿಯರು ಇವರ ಜೊತೆಗೆ ಗುಣಹೊಂದಿದ ವ್ಯಸನಿಗಳನ್ನೂ ಚಿಕಿತ್ಸೆಯ ತಂಡಕ್ಕೆ ಸೇರಿಸಿಕೊಂಡರು. ೧೯೫೪ರಲ್ಲಿ ಆ ಸಂಸ್ಥಾನದ ನಾಗರಿಕ ಸೇವೆಯಲ್ಲಿ 'ಮದ್ಯವ್ಯಸನದ ಸಲಹೆಗಾರ' ಎಂಬ ಹುದ್ದೆಯೇ ಏರ್ಪಟ್ಟಿತು. ೧೯೭೦ರಲ್ಲಿ ಸೆನೆಟರ್ ಹೆರಾಲ್ಡ್ ಹ್ಯೂಸ್ ಅವರ ಪ್ರಯತ್ನದಿಂದ ಮದ್ಯವ್ಯಸನದ ಚಿಕಿತ್ಸೆಗೆ ಒಕ್ಕೂಟ ಸರ್ಕಾರದ ಹಣ ಒದಗುವ ಶಾಸನವಾಯಿತು. ಹ್ಯೂಸ್ ಅವರು ಸ್ವತಃ ಕುಡಿತದಿಂದ ಬಿಡುಗಡೆ ಪಡೆದವರು. ಹಣ ಬಂದಿತು, ಕೇಂದ್ರಗಳು ಎದ್ದುವು, ಸಾವಿರಾರು ಜನ ಸಲಹೆಗಾರರು ಬೇಕಾದರು. ಆಗ ಹಣ ಕೊಡುವವರೂ ರೋಗಿಗಳ ಮನೆಯವರೂ ಒಂದೇ ಪ್ರಶ್ನೆಯನ್ನು ಕೇಳಿದರು: "ತಾನು ಕುಡಿತ ಬಿಟ್ಟವನೆಂಬುದೊಂದೇ ಇನ್ನೊಬ್ಬರಿಗೆ ಚಿಕಿತ್ಸೆ ಮಾಡಲು ಸಾಕಾದ ಅರ್ಹತೆಯೆ?"

ಅರ್ಹತೆ ಏಕೆ ಬೇಕು?

ಈ ಪ್ರಶ್ನೆ ಕೇವಲ ಮರ್ಯಾದೆಯ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿದವನ ಮಿದುಳು ಮದ್ಯದ ಮಂಕಿಗೆ ಎದುರಾಗಿ ತನ್ನ ಚಟುವಟಿಕೆಯನ್ನು ಏರಿಸಿಕೊಂಡು ಸಮತೋಲವನ್ನು ಕಾಯ್ದುಕೊಂಡಿರುತ್ತದೆ. ಮದ್ಯವನ್ನು ಥಟ್ಟನೆ ನಿಲ್ಲಿಸಿದರೆ ಆ ಏರಿಕೆಗೆ ತಡೆಯೇ ಇಲ್ಲದಂತಾಗುತ್ತದೆ. ಕೈನಡುಕ, ಬೆವರು, ನಿದ್ರಾನಾಶ ಮೊದಲು ಕಾಣುತ್ತವೆ. ಕೊನೆಯ ಬಾರಿ ಕುಡಿದ ಆರರಿಂದ ನಲವತ್ತೆಂಟು ಗಂಟೆಗಳೊಳಗೆ ಕೆಲವರಿಗೆ ಫಿಟ್ಸು ಬರುವುದುಂಟು. ಎರಡರಿಂದ ನಾಲ್ಕು ದಿನಗಳಲ್ಲಿ 'ಡೆಲಿರಿಯಂ ಟ್ರೆಮೆನ್ಸ್' ಎಂಬ ಸನ್ನಿ ತಲೆದೋರಬಹುದು. ರೋಗಿ ಇಲ್ಲದುದನ್ನು ಕಾಣುತ್ತಾನೆ, ಜ್ವರ ಏರುತ್ತದೆ, ನಾಡಿ ಓಡುತ್ತದೆ. ವೈದ್ಯಕೀಯ ಚಿಕಿತ್ಸೆಯಿಲ್ಲದಿದ್ದರೆ ಪ್ರಾಣವೇ ಹೋಗಬಹುದು. "ಇಂದಿನಿಂದಲೇ ಮನೆಯಲ್ಲಿ ಬಾಗಿಲು ಹಾಕಿಕೊಂಡು ಬಿಟ್ಟುಬಿಡು" ಎಂಬ ಸದುದ್ದೇಶದ ಮಾತು ಇಂತಹವನಿಗೆ ಮಾರಕವಾದೀತು. ಅಫೀಮಿನ ವರ್ಗದ ಮಾದಕಗಳ ವಿಷಯವೂ ಹೀಗೆಯೇ. ಕೆಲವು ವಾರ ಬಿಟ್ಟಿದ್ದವನ ದೇಹದ ಸಹನಶಕ್ತಿ ಇಳಿದಿರುತ್ತದೆ. ಅವನು ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಇವುಗಳನ್ನು ಅರಿಯದ ಸಲಹೆಗಾರನು ಎಷ್ಟೇ ಕರುಣಾಳುವಾದರೂ ಅಪಾಯಕಾರಿಯೇ.

ಹಾಗಾದರೆ ಸಲಹೆಗಾರನು ಬಲ್ಲವನಾಗಿರಬೇಕಾದುದು ಏನು? ಅಮೆರಿಕದ ಪ್ರಮಾಣೀಕರಣ ಮಂಡಲಿಗಳು ಇದನ್ನು ಹನ್ನೆರಡು ಮುಖ್ಯ ಕಾರ್ಯಗಳಾಗಿ ವಿಂಗಡಿಸಿದುವು. ಬಂದವನಿಗೆ ನಿಜವಾಗಿ ವ್ಯಸನದ ತೊಂದರೆಯಿದೆಯೇ ಎಂದು ಶೋಧಿಸುವುದು, ದಾಖಲುಮಾಡಿಕೊಳ್ಳುವುದು, ಕೇಂದ್ರದ ನಿಯಮಗಳನ್ನೂ ಅವನ ಹಕ್ಕುಗಳನ್ನೂ ತಿಳಿಸುವುದು, ಅವನ ಸ್ಥಿತಿಯನ್ನು ನಿರ್ಧರಿಸುವುದು, ಚಿಕಿತ್ಸೆಯ ಯೋಜನೆ ಹಾಕುವುದು, ಸಲಹೆ ನೀಡುವುದು, ಬೇರೆ ಬೇರೆ ಸೇವೆಗಳನ್ನು ಹೊಂದಿಸುವುದು, ವಿಷಮ ಗಳಿಗೆಯಲ್ಲಿ ನಡುವೆ ಬರುವುದು, ರೋಗಿಗೆ ತಿಳಿವಳಿಕೆ ಕೊಡುವುದು, ತನ್ನ ಶಕ್ತಿಗೆ ಮೀರಿದ್ದನ್ನು ತಜ್ಞರಿಗೆ ಒಪ್ಪಿಸುವುದು, ದಾಖಲೆ ಇಡುವುದು, ಸಹೋದ್ಯೋಗಿಗಳೊಡನೆ ಸಮಾಲೋಚಿಸುವುದು ಇವೇ ಆ ಹನ್ನೆರಡು. ವಾಚಕರು ಗಮನಿಸಬೇಕಾದುದೇನೆಂದರೆ, ನಾವು 'ಸಲಹೆ' ಎಂದು ಕರೆಯುವುದು ಇವುಗಳಲ್ಲಿ ಒಂದು ಮಾತ್ರ. ಮೇಲಿನ ಉದಾಹರಣೆಯ ರೋಗಿಯನ್ನು ಉಳಿಸುವುದು ಮೊದಲ ಶೋಧನೆಯೂ, ಸಕಾಲದಲ್ಲಿ ವೈದ್ಯರಿಗೆ ಒಪ್ಪಿಸುವ ವಿವೇಕವೂ ಹೊರತು ವಾಕ್ಚಾತುರ್ಯವಲ್ಲ. ೧೯೯೮ರಲ್ಲಿ ಅಲ್ಲಿನ ಒಕ್ಕೂಟ ಸರ್ಕಾರದ ಸಂಸ್ಥೆಯೊಂದು ಇನ್ನೂ ವಿಸ್ತಾರವಾದ ಅರ್ಹತಾಪಟ್ಟಿಯನ್ನು ಪ್ರಕಟಿಸಿತು. ೨೦೦೬ರಲ್ಲಿ ಪರಿಷ್ಕೃತವಾದ ಆ ಪಟ್ಟಿಯಲ್ಲಿ ೧೨೩ ಅರ್ಹತೆಗಳಿವೆ.

ಗಂಟೆಗಳೂ ಪ್ರಶ್ನೆಗಳೂ

ಪಟ್ಟಿಯನ್ನು ಬರೆದುದಾಯಿತು, ಅದರಂತೆ ಮನುಷ್ಯನನ್ನು ಅಳೆಯುವುದೆಂತು? ಇದಕ್ಕೆ ಮೂರು ಅಳತೆಗೋಲುಗಳು ಬಳಕೆಗೆ ಬಂದುವು: ಕಲಿಕೆ, ಅನುಭವ, ಪರೀಕ್ಷೆ.

ಮುಂದೆ ಪರಿಚಯಿಸಲಿರುವ ಅಂತಾರಾಷ್ಟ್ರೀಯ ಒಕ್ಕೂಟವು ಮದ್ಯ ಮತ್ತು ಮಾದಕಗಳ ಸಲಹೆಗಾರರಿಗೆ ಬಹುಕಾಲ ಗೊತ್ತುಮಾಡಿದ್ದ ಕನಿಷ್ಠ ಪ್ರಮಾಣ ಹೀಗಿದ್ದಿತು: ೨೭೦ ಗಂಟೆಗಳ ಶಿಕ್ಷಣ, ಅದರಲ್ಲಿ ಆರು ಗಂಟೆ ವೃತ್ತಿನೀತಿ, ೬,೦೦೦ ಗಂಟೆಗಳ ಕಾರ್ಯಾನುಭವ, ಹಿರಿಯರ ನೇರ ಮೇಲ್ವಿಚಾರಣೆಯಲ್ಲಿ ೩೦೦ ಗಂಟೆ. ವಾರಕ್ಕೆ ೪೦ ಗಂಟೆಯಂತೆ ವರ್ಷಕ್ಕೆ ೫೦ ವಾರ ದುಡಿದರೆ ೨,೦೦೦ ಗಂಟೆಯಾಗುವುದರಿಂದ, ೬,೦೦೦ ಗಂಟೆ ಎಂದರೆ ಪೂರ್ಣ ಮೂರು ವರ್ಷಗಳ ದುಡಿಮೆ. ಪದವೀಧರರಿಗೆ ಇದು ೪,೦೦೦ ಗಂಟೆಗೂ, ಸ್ನಾತಕೋತ್ತರ ಪದವಿ ಪಡೆದವರಿಗೆ ೨,೦೦೦ ಗಂಟೆಗೂ ಇಳಿಯುತ್ತಿದ್ದಿತು. ಪದವಿಯಿಲ್ಲದವನಿಗೂ ಬಾಗಿಲು ಮುಚ್ಚಲಿಲ್ಲವೆಂಬುದು ಇಲ್ಲಿ ಮುಖ್ಯ. ರೋಗಿಗಳ ನಡುವಿನಿಂದ ಹುಟ್ಟಿದ ವೃತ್ತಿ ತನ್ನ ಮೂಲವನ್ನು ಮರೆಯಲಿಲ್ಲ; ದಾರಿಯನ್ನು ಉದ್ದಮಾಡಿತೇ ಹೊರತು ಕಡಿದುಹಾಕಲಿಲ್ಲ.

ಇನ್ನು ಪರೀಕ್ಷೆ. ಪ್ರಶ್ನೆಗಳನ್ನು ಯಾರೋ ಒಬ್ಬರು ತೋಚಿದಂತೆ ಬರೆಯುವುದಿಲ್ಲ. ಮೊದಲು ವೃತ್ತಿಯಲ್ಲಿರುವವರನ್ನೇ ವಿಚಾರಿಸಿ, ಅವರು ದಿನನಿತ್ಯ ಏನೇನು ಕೆಲಸ ಮಾಡುತ್ತಾರೆ, ಯಾವುದು ಎಷ್ಟು ಮುಖ್ಯ ಎಂದು ಲೆಕ್ಕಹಾಕುತ್ತಾರೆ. ಆ ಲೆಕ್ಕದ ಪ್ರಮಾಣದಲ್ಲಿಯೇ ಪ್ರಶ್ನೆಗಳನ್ನು ಹಂಚುತ್ತಾರೆ. ೨೦೧೦ರ ದಶಕದಲ್ಲಿ ನಡೆದುಬಂದ ಕ್ರಮದಲ್ಲಿ ಒಟ್ಟು ೧೫೦ ಪ್ರಶ್ನೆಗಳು. ಅವುಗಳಲ್ಲಿ ೧೨೫ಕ್ಕೆ ಮಾತ್ರ ಅಂಕ. ಉಳಿದ ೨೫ ಪ್ರಶ್ನೆಗಳು ಮುಂದಿನ ಪರೀಕ್ಷೆಗಳಿಗಾಗಿ ಪರೀಕ್ಷಿಸಲ್ಪಡುವ ಹೊಸ ಪ್ರಶ್ನೆಗಳು. ಯಾವುದು ಯಾವ ಬಗೆಯದೆಂದು ಬರೆಯುವವನಿಗೆ ತಿಳಿಯದು. ಅಂದರೆ ಅಭ್ಯರ್ಥಿ ಪ್ರಶ್ನೆಗಳನ್ನು ಎದುರಿಸುತ್ತಿರುವಾಗಲೇ ಪ್ರಶ್ನೆಗಳಿಗೂ ಪರೀಕ್ಷೆ ನಡೆಯುತ್ತಿರುತ್ತದೆ!

ಉತ್ತೀರ್ಣನಾಗಲು ಎಷ್ಟು ಅಂಕ ಬೇಕೆಂಬುದನ್ನು ಗೊತ್ತುಮಾಡುವ ಬಗೆ ಇನ್ನೂ ಸ್ವಾರಸ್ಯವಾದುದು. 'ನೂರಕ್ಕೆ ಮೂವತ್ತೈದು' ಎಂಬಂತಹ ರೂಢಿಯ ಗೆರೆ ಇಲ್ಲಿ ಸಾಲದು. ವೃತ್ತಿಪರೀಕ್ಷೆಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ವಿಧಾನಕ್ಕೆ, ೧೯೭೧ರಲ್ಲಿ ಅದನ್ನು ವಿವರಿಸಿದ ವಿಲಿಯಂ ಆ್ಯಂಗಾಫ್ ಅವರ ಹೆಸರಿದೆ. ತಜ್ಞರ ಮಂಡಲಿಯೊಂದು ಕುಳಿತು, 'ಅರ್ಹತೆಯ ಹೊಸ್ತಿಲನ್ನು ಈಗತಾನೆ ದಾಟಿದ' ನೂರು ಮಂದಿ ಸಲಹೆಗಾರರನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುತ್ತದೆ. ಪ್ರತಿಯೊಂದು ಪ್ರಶ್ನೆಗೂ ಅವರಲ್ಲಿ ಎಷ್ಟು ಮಂದಿ ಸರಿಯುತ್ತರ ಕೊಟ್ಟಾರು ಎಂದು ಅಂದಾಜು ಮಾಡುತ್ತದೆ. ನಾಲ್ಕೇ ಪ್ರಶ್ನೆಗಳಿವೆಯೆಂದು ಭಾವಿಸೋಣ. ಅಂದಾಜು ಕ್ರಮವಾಗಿ ೮೦, ೬೦, ೭೦, ೫೦ ಎಂದಾದರೆ ಸರಾಸರಿ ೬೫. ಆಗ ಈ ಪತ್ರಿಕೆಯ ಗೆರೆ ನೂರಕ್ಕೆ ೬೫. ಇನ್ನೊಂದು ವರ್ಷದ ಪತ್ರಿಕೆ ತುಸು ಕಠಿನವಾಗಿದ್ದರೆ ಗೆರೆ ೬೦ಕ್ಕೆ ಇಳಿದೀತು. ಮೊದಲ ಪತ್ರಿಕೆಯ ೬೫ಕ್ಕೂ ಎರಡನೆಯದರ ೬೦ಕ್ಕೂ ಬೆಲೆ ಒಂದೇ. ಈ ಸಮತೆಯನ್ನು ತೋರಿಸಲು ಎರಡನ್ನೂ ಒಂದೇ ಮಾನಕ್ಕೆ ತರುತ್ತಾರೆ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಆ ಮಾನ ೨೦೦ರಿಂದ ೮೦೦ರವರೆಗೆ. ೫೦೦ ಬಂದರೆ ಉತ್ತೀರ್ಣ. ಬೇರೆ ಬೇರೆ ಸೇರುಗಳನ್ನು ಕಿಲೋಗ್ರಾಮಿಗೆ ತಿರುಗಿಸಿಕೊಂಡಂತೆಯೇ ಇದು. ಪರಸ್ಪರ ಮನ್ನಣೆಗೆ ಅಡಿಪಾಯ ಇಲ್ಲಿಯೇ ಇದೆ. ಅಳತೆ ಒಂದಾಗದೆ ಮನ್ನಣೆ ಒಂದಾಗಲಾರದು.

ಗಡಿ ಅಡ್ಡಬಂದಾಗ

ಅಮೆರಿಕದಲ್ಲಿ ವೃತ್ತಿಗಳ ಮೇಲಿನ ಅಧಿಕಾರ ಆಯಾ ಸಂಸ್ಥಾನಗಳದು. ೧೮೮೯ರಲ್ಲಿ ಪಶ್ಚಿಮ ವರ್ಜೀನಿಯದ ಡೆಂಟ್ ಎಂಬ ವೈದ್ಯನ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಡೆಂಟ್ ಕೆಲವು ವರ್ಷಗಳಿಂದ ವೈದ್ಯ ಮಾಡುತ್ತಿದ್ದವನು. ಆದರೆ ಅವನ ಕಾಲೇಜಿನ ಪ್ರಮಾಣಪತ್ರವನ್ನು ಸಂಸ್ಥಾನದ ಮಂಡಲಿ ಒಪ್ಪಲಿಲ್ಲ. ಜನರ ಕ್ಷೇಮಕ್ಕಾಗಿ ಅರ್ಹತೆಯನ್ನು ಗೊತ್ತುಮಾಡುವುದು ಸಂಸ್ಥಾನದ ಹಕ್ಕೆಂದು ನ್ಯಾಯಾಲಯ ತೀರ್ಪಿತ್ತಿತು. ಪರಿಣಾಮವಾಗಿ ಪ್ರತಿಯೊಂದು ಸಂಸ್ಥಾನವೂ ತನ್ನದೇ ಆದ ಸೇರನ್ನು ಇಟ್ಟುಕೊಳ್ಳಬಹುದಾಯಿತು.

ಇದರ ತೊಂದರೆಯನ್ನು ಕಾಣಬೇಕಾದರೆ ಕ್ಯಾನ್ಸಾಸ್ ಸಿಟಿಗೆ ಹೋಗಬೇಕು. ಮಿಸೌರಿ ಮತ್ತು ಕ್ಯಾನ್ಸಾಸ್ ಸಂಸ್ಥಾನಗಳ ಗಡಿ ಈ ನಗರಪ್ರದೇಶದ ನಡುವೆಯೇ ಹಾಯುತ್ತದೆ. 'ಸ್ಟೇಟ್ ಲೈನ್' ಎಂಬ ರಸ್ತೆಯ ಒಂದು ಬದಿ ಮಿಸೌರಿ, ಇನ್ನೊಂದು ಬದಿ ಕ್ಯಾನ್ಸಾಸ್. ಮಿಸೌರಿಯಲ್ಲಿ ಪ್ರಮಾಣೀಕರಣ ಮಂಡಲಿಯೊಂದು ಸಲಹೆಗಾರರಿಗೆ ಪ್ರಮಾಣಪತ್ರ ಕೊಡುತ್ತದೆ. ಕ್ಯಾನ್ಸಾಸ್‌ನಲ್ಲಿ ೨೦೧೧ರಿಂದ ಜಾರಿಗೆ ಬಂದ ಶಾಸನದಂತೆ ಸರ್ಕಾರದ ಮಂಡಲಿ ಲೈಸೆನ್ಸು ಕೊಡುತ್ತದೆ. ಪ್ರಮಾಣಪತ್ರವೆಂದರೆ ವೃತ್ತಿಬಾಂಧವರು 'ಇವನು ಬಲ್ಲವನು' ಎಂದು ಹೇಳುವ ಸಾಕ್ಷ್ಯ. ಲೈಸೆನ್ಸೆಂದರೆ ಸರ್ಕಾರ ಕೊಡುವ ಅಪ್ಪಣೆ. ಮೊದಲನೆಯದು ಎರಡನೆಯದಾಗಿ ತಾನಾಗಿಯೇ ಮಾರ್ಪಡುವುದಿಲ್ಲ. ಆದ್ದರಿಂದ ರಸ್ತೆಯ ಆಚೆಗೆ ಮನೆ ಬದಲಿಸಿ ಅಲ್ಲಿಯೇ ಕೆಲಸ ಹಿಡಿಯಬಯಸುವ ಸಲಹೆಗಾರ್ತಿಯೊಬ್ಬಳು, ತನ್ನ ಜ್ಞಾನವೂ ಅನುಭವವೂ ಇದ್ದಂತೆಯೇ ಇದ್ದರೂ, ಹೊಸದಾಗಿ ಅರ್ಜಿ ಹಾಕಬೇಕು.

ದೂರವಾಣಿಯಲ್ಲಿ ಮತ್ತು ಅಂತರಜಾಲದಲ್ಲಿ ಸಲಹೆ ಕೊಡುವುದು ಬಳಕೆಗೆ ಬಂದ ಮೇಲೆ ತೊಡಕು ಮತ್ತಷ್ಟು ಹೆಚ್ಚಿತು. ಸಾಮಾನ್ಯವಾಗಿ ಸಂಸ್ಥಾನಗಳು ನೋಡುವುದು ಸಲಹೆಗಾರ ಎಲ್ಲಿ ಕುಳಿತಿದ್ದಾನೆಂಬುದನ್ನಲ್ಲ, ರೋಗಿ ಎಲ್ಲಿದ್ದಾನೆಂಬುದನ್ನು. ಎರಡು ವರ್ಷ ನಂಬಿ ಮಾತಾಡಿದ ರೋಗಿ ಕೆಲಸಕ್ಕಾಗಿ ನೆರೆಯ ಸಂಸ್ಥಾನಕ್ಕೆ ಹೋದರೆ, ಆ ನಂಬಿಕೆಯ ನೂಲು ಗಡಿಯಲ್ಲಿ ಕಡಿಯಬಹುದು. ವ್ಯಸನದಿಂದ ಚೇತರಿಸಿಕೊಳ್ಳುವವನಿಗೆ ಊರು ಬದಲಿಸುವ ಹೊತ್ತೇ ಮರುಜಾರುವ ಅಪಾಯದ ಹೊತ್ತಾಗಬಹುದು. ಅದೇ ಗಳಿಗೆಯಲ್ಲಿ ಆಸರೆ ಕಳಚಿದರೆ ನಷ್ಟ ಯಾರಿಗೆಂದು ಹೇಳಬೇಕಾಗಿಲ್ಲ.

ಒಪ್ಪಂದದ ಬಗೆ

ಈ ತೊಡಕಿಗೆ ಪರಿಹಾರವಾಗಿ ೧೯೮೧ರಲ್ಲಿ ಕೆಲವು ಸಂಸ್ಥಾನಗಳ ಪ್ರಮಾಣೀಕರಣ ಮಂಡಲಿಗಳು ಸೇರಿ ಒಂದು ಒಕ್ಕೂಟವನ್ನು ಕಟ್ಟಿದುವು. ಅದೇ ಮುಂದೆ ಇತರ ದೇಶಗಳ ಮಂಡಲಿಗಳನ್ನೂ ಸೇರಿಸಿಕೊಂಡು 'ಇಂಟರ್‌ನ್ಯಾಷನಲ್ ಸರ್ಟಿಫಿಕೇಷನ್ ಅಂಡ್ ರೆಸಿಪ್ರಾಸಿಟಿ ಕನ್ಸಾರ್ಷಿಯಂ' ಎಂದು ಹೆಸರಾಯಿತು. ಇದರ ಸೂತ್ರ ಸರಳವಾದುದು. ಸದಸ್ಯ ಮಂಡಲಿಗಳೆಲ್ಲವೂ ಕನಿಷ್ಠ ಪ್ರಮಾಣವನ್ನು ಒಪ್ಪಬೇಕು, ಒಂದೇ ಪರೀಕ್ಷೆಯನ್ನು ಬಳಸಬೇಕು. ಹಾಗೆ ಮಾಡಿದ ಮೇಲೆ ಒಂದರ ಪ್ರಮಾಣಪತ್ರವನ್ನು ಇನ್ನೊಂದು, ಅದೇ ಅಂತಸ್ತಿನಲ್ಲಿ, ಮರುಪರೀಕ್ಷೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ಊರು ಬಿಡುವ ಸಲಹೆಗಾರನು ತನ್ನ ಹಳೆಯ ಮಂಡಲಿಗೆ ಅರ್ಜಿ ಕೊಡುತ್ತಾನೆ. ಅದು ಅವನ ಪ್ರಮಾಣಪತ್ರ ಊರ್ಜಿತದಲ್ಲಿದೆಯೆಂದು ದೃಢೀಕರಿಸಿ ಒಕ್ಕೂಟದ ಮೂಲಕ ಹೊಸ ಮಂಡಲಿಗೆ ತಿಳಿಸುತ್ತದೆ. ಆದ್ದರಿಂದ ಹೊರಡುವ ಮೊದಲೇ ಅರ್ಜಿ ಹಾಕುವುದು ಜಾಣತನ. ಹಳೆಯ ಪ್ರಮಾಣಪತ್ರದ ಅವಧಿ ಮುಗಿಯಗೊಟ್ಟವನಿಗೆ ಮನ್ನಣೆಯಾಗಿ ಕೊಡಲು ಏನೂ ಉಳಿದಿರುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳುಂಟು. ಮಂಡಲಿಗಳು ಕೊಡುವ ಪ್ರಮಾಣಪತ್ರಗಳೆಲ್ಲ ಗಡಿ ದಾಟುವಂತಹವಲ್ಲ. ಮಿಸೌರಿಯಲ್ಲಿ ಒಂದು ಅಂತಸ್ತಿನ ಹೆಸರಿನಲ್ಲೇ 'ರೆಸಿಪ್ರೋಕಲ್', ಅಂದರೆ 'ಪರಸ್ಪರ ಮನ್ನಣೆಯುಳ್ಳ', ಎಂಬ ಮಾತು ಸೇರಿದೆ. ಅದಿಲ್ಲದ ಕೆಳ ಅಂತಸ್ತಿನವರು ಇದ್ದಲ್ಲಿಯೇ ಕೆಲಸ ಮಾಡಬೇಕು. ಎರಡನೆಯದಾಗಿ, ಪ್ರಮಾಣಪತ್ರಕ್ಕೆ ಮನ್ನಣೆ ಸಿಕ್ಕಿದರೂ ಲೈಸೆನ್ಸು ಬೇಡುವ ಸಂಸ್ಥಾನದಲ್ಲಿ ಅದು ಬೇರೆಯೇ. ಸಾಮಾನ್ಯ ಮಾನಸಿಕ ಸಲಹೆಗಾರರ ಲೈಸೆನ್ಸಿಗಾಗಿ ಸಂಸ್ಥಾನಗಳೇ ಶಾಸನಬದ್ಧ ಒಡಂಬಡಿಕೆ ಮಾಡಿಕೊಳ್ಳುವ ಪ್ರಯತ್ನ ೨೦೨೧ರಲ್ಲಿ ಆರಂಭವಾಗಿ, ೨೦೨೨ರಲ್ಲಿ ಅಗತ್ಯವಾದ ಹತ್ತು ಸಂಸ್ಥಾನಗಳು ಸೇರಿದುವು. ಆದರೆ ವ್ಯಸನಮುಕ್ತಿಯ ಪ್ರಮಾಣಪತ್ರವೊಂದನ್ನೇ ಹೊಂದಿದವರಿಗೆ ಆ ಬಾಗಿಲು ತೆರೆದುದಲ್ಲ.

ಅಳತೆಗೆ ಸಿಕ್ಕದ ಗುಣ

ಇಷ್ಟೆಲ್ಲ ಅಳತೆಯ ನಂತರವೂ ಒಂದು ಸಂದೇಹ ಉಳಿಯುತ್ತದೆ. ೧೯೮೦ರಲ್ಲಿ ವಿಲಿಯಂ ಮಿಲ್ಲರ್ ಮತ್ತು ಅವರ ಸಂಗಡಿಗರು ಒಂಬತ್ತು ಮಂದಿ ಸಲಹೆಗಾರರ ಕೆಲಸವನ್ನು ಪರೀಕ್ಷಿಸಿದರು. ಎಲ್ಲರೂ ಕಲಿತ ವಿಧಾನ ಒಂದೇ. ಆದರೆ ರೋಗಿಯ ಮಾತನ್ನು ಅವನ ಕಡೆಯಿಂದ ಅರಿತು ಕೇಳುವ ಸಹಾನುಭೂತಿ ಒಬ್ಬೊಬ್ಬರಲ್ಲಿ ಒಂದೊಂದು ಮಟ್ಟದಲ್ಲಿದ್ದಿತು. ಆರು ತಿಂಗಳ ಮೇಲೆ ನೋಡಿದಾಗ, ರೋಗಿಗಳ ಕುಡಿತದಲ್ಲಿ ಕಂಡ ವ್ಯತ್ಯಾಸದ ಸುಮಾರು ಮೂರರಲ್ಲಿ ಎರಡು ಪಾಲು ಆ ಸಹಾನುಭೂತಿಯ ಮಟ್ಟದೊಡನೆ ಹೊಂದಿಕೊಂಡಿದ್ದಿತು. ೧೯೯೩ರ ಇನ್ನೊಂದು ಅಧ್ಯಯನದಲ್ಲಿ, ಸಲಹೆಗಾರನು ಎದುರುಬಿದ್ದು ಗದರಿದಷ್ಟೂ ರೋಗಿಯು ವರ್ಷದ ಮೇಲೆ ಹೆಚ್ಚು ಕುಡಿಯುತ್ತಿದ್ದುದು ಕಂಡುಬಂದಿತು. ಇವು ಸಣ್ಣ ಅಧ್ಯಯನಗಳೆಂಬುದನ್ನು ಮರೆಯಬಾರದು. ಆದರೂ ಇವು ಎತ್ತಿದ ಪ್ರಶ್ನೆ ದೊಡ್ಡದು. ೧೫೦ ಪ್ರಶ್ನೆಗಳ ಪತ್ರಿಕೆ ತಿಳಿವಳಿಕೆಯನ್ನು ಅಳೆದೀತು. ಕಿವಿಗೊಡುವ ಗುಣವನ್ನು ಅಳೆಯಲಾರದು. ಮೇಲ್ವಿಚಾರಣೆಯ ೩೦೦ ಗಂಟೆಗಳಿಗೆ ಬೆಲೆ ಬರುವುದು ಇಲ್ಲಿಯೇ. ಹಿರಿಯನು ಪಕ್ಕದಲ್ಲಿ ಕುಳಿತು ಕೇಳಿದಾಗ ಮಾತ್ರ ಕಾಣುವ ಗುಣ ಅದು. ಪರೀಕ್ಷೆಯಿಲ್ಲದ ಕರುಣೆ ಅಪಾಯಕಾರಿಯೆಂದೆವು. ಕರುಣೆಯಿಲ್ಲದ ಪರೀಕ್ಷೆಯೂ ಅಷ್ಟೇ ನಿಷ್ಫಲ.

ನಮ್ಮ ದೇಶದ ಸ್ಥಿತಿ

ನಮ್ಮಲ್ಲಿ ಅಗತ್ಯವೆಷ್ಟೆಂಬುದನ್ನು ೨೦೧೯ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ತಿಳಿಸುತ್ತದೆ. ಹತ್ತರಿಂದ ಎಪ್ಪತ್ತೈದು ವರ್ಷ ವಯಸ್ಸಿನವರಲ್ಲಿ ನೂರಕ್ಕೆ ೧೪.೬ ಮಂದಿ, ಅಂದರೆ ಸುಮಾರು ೧೬ ಕೋಟಿ ಜನ, ಮದ್ಯ ಸೇವಿಸುವವರು. ಅವರಲ್ಲಿ ನೆರವು ಬೇಕಾದವರು ಸುಮಾರು ೫.೭ ಕೋಟಿ. ಮದ್ಯಕ್ಕೆ ಅಧೀನರಾದವರಲ್ಲಿ ೩೮ ಮಂದಿಗೆ ಒಬ್ಬರು ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಪಡೆದುದಾಗಿ ಹೇಳಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ವಿಭಾಗ, ೧೯೮೦ರಲ್ಲಿ ಶಾಂತಿ ರಂಗನಾಥನ್ ಅವರು ಚೆನ್ನೈಯಲ್ಲಿ ಸ್ಥಾಪಿಸಿದ ಪ್ರತಿಷ್ಠಾನ ಮೊದಲಾದವು ಚಿಕಿತ್ಸೆಯ ಜೊತೆಗೆ ಕಾರ್ಯಕರ್ತರ ತರಬೇತಿಯನ್ನೂ ನಡೆಸುತ್ತ ಬಂದಿವೆ.

ಏಷ್ಯದಲ್ಲಿ ಗಡಿ ದಾಟುವ ಅಳತೆಯೊಂದನ್ನು ಒದಗಿಸಲು ಯತ್ನಿಸಿದುದು ಕೊಲಂಬೊ ಯೋಜನೆ. ಭಾರತವೂ ಸದಸ್ಯವಾಗಿರುವ ಈ ಸಂಘಟನೆ ೧೯೭೩ರಲ್ಲಿ ಮಾದಕಗಳಿಗೆ ಸಂಬಂಧಿಸಿದ ಕಾರ್ಯಕ್ರಮವನ್ನು ಆರಂಭಿಸಿತು. ೨೦೦೯ರಲ್ಲಿ ವ್ಯಸನಮುಕ್ತಿಯ ಕಾರ್ಯಕರ್ತರ ಶಿಕ್ಷಣಕ್ಕೂ ಪ್ರಮಾಣೀಕರಣಕ್ಕೂ ಒಂದು ಕೇಂದ್ರವನ್ನು ತೆರೆಯಿತು. ಅನೇಕ ದೇಶಗಳಿಗೆ ಹೊಂದುವ ಸಮಾನ ಪಾಠಕ್ರಮ, ಅದರ ಮೇಲೆ ಅಂತಸ್ತುಗಳಾಗಿ ಏರ್ಪಟ್ಟ ಅಂತಾರಾಷ್ಟ್ರೀಯ ಪ್ರಮಾಣಪತ್ರಗಳು ಇದರ ಫಲ. ನಮ್ಮ ಸಂಸತ್ತು ೨೦೨೧ರಲ್ಲಿ ಮಾಡಿದ ಸಹವೈದ್ಯಕೀಯ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಶಾಸನವು ಆರೋಗ್ಯ ಸಲಹೆಗಾರರನ್ನೂ ತನ್ನ ವೃತ್ತಿಪಟ್ಟಿಯಲ್ಲಿ ಸೇರಿಸಿಕೊಂಡಿದೆ. ರಾಜ್ಯ ಮಂಡಲಿಗಳನ್ನೂ ಇಡೀ ದೇಶಕ್ಕೆ ಒಂದು ಕೇಂದ್ರ ವೃತ್ತಿದಾಖಲೆಯನ್ನೂ ಅದು ವಿಧಿಸುತ್ತದೆ. ಪ್ರತಿ ರಾಜ್ಯವೂ ತನ್ನ ಸೇರನ್ನು ಮಾಡಿಕೊಂಡ ಮೇಲೆ ಅವನ್ನು ಹೊಂದಿಸಲು ಅಮೆರಿಕದವರು ಪಟ್ಟ ಪಾಡು ನಮಗೆ ತಪ್ಪಬೇಕಾದರೆ, ಅಳತೆಯ ಸಮತೆಯನ್ನು ಮೊದಲೇ ಸಾಧಿಸಿಕೊಳ್ಳಬೇಕು.

ಹಾಗೆಂದು ಪ್ರಮಾಣಪತ್ರವೊಂದು ಎಲ್ಲವನ್ನೂ ಹೊತ್ತು ತರಲಾರದು. ನಮ್ಮ ಊರಿನ ರೋಗಿ "ದಿನಕ್ಕೆ ಒಂದು ಕ್ವಾರ್ಟರು" ಎನ್ನುತ್ತಾನೆ. ಅದು ೧೮೦ ಮಿಲಿಲೀಟರು. ನಮ್ಮ ವಿಸ್ಕಿ, ಬ್ರಾಂದಿಗಳಲ್ಲಿ ನೂರಕ್ಕೆ ೪೨.೮ ಪಾಲು ಆಲ್ಕೊಹಾಲು ಇರುವುದರಿಂದ ಅದರಲ್ಲಿ ೭೭ ಮಿಲಿಲೀಟರು, ತೂಕದಲ್ಲಿ ಸುಮಾರು ೬೦ ಗ್ರಾಂ, ಶುದ್ಧ ಆಲ್ಕೊಹಾಲು. ಹತ್ತು ಗ್ರಾಮಿನ ಮಾನದಲ್ಲಿ ಇದು ಆರು ಪಾನಗಳು. ಅಮೆರಿಕದ ಮಾನವಾದರೋ ೧೪ ಗ್ರಾಂ. ಅದರ ಲೆಕ್ಕದಲ್ಲಿ ಇದೇ ಕ್ವಾರ್ಟರು ನಾಲ್ಕು ಪಾನಕ್ಕೆ ತುಸು ಹೆಚ್ಚು. ಅಲ್ಲಿ ಕಲಿತು ಇಲ್ಲಿಗೆ ಬಂದವನು ಮಾನವನ್ನು ತಿರುಗಿಸಿಕೊಳ್ಳದಿದ್ದರೆ ರೋಗಿಯ ಸ್ಥಿತಿಯನ್ನೇ ತಪ್ಪಾಗಿ ತಿಳಿದಾನು. ೨೦೦೭ರ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದ ಮೇಲೆ ಹಳ್ಳಿಯ ಕುಡಿತದ ರೀತಿ ಹೇಗೆ ಬದಲಾಯಿತೆಂಬುದನ್ನು ಯಾವ ಹೊರದೇಶದ ಪರೀಕ್ಷೆಯೂ ಕೇಳುವುದಿಲ್ಲ. ಅದನ್ನು ಇಲ್ಲಿಯ ಜನರ ನಡುವೆಯೇ ಕಲಿಯಬೇಕು.

ಆದುದರಿಂದ ನಾವು ಈ ವಿಚಾರದಿಂದ ತಿಳಿಯತಕ್ಕದ್ದು ಇಷ್ಟು. ವ್ಯಸನದಿಂದ ನರಳುವವನ ಮನೆಯವರು ಯಾವುದಾದರೂ ವ್ಯಸನಮುಕ್ತಿ ಕೇಂದ್ರದ ಬಾಗಿಲಿಗೆ ಹೋದಾಗ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬಹುದು: ಇಲ್ಲಿಯ ಸಲಹೆಗಾರರು ಎಲ್ಲಿ, ಏನು ಕಲಿತರು? ಅವರ ಕೆಲಸವನ್ನು ಮೇಲೆ ನಿಂತು ನೋಡುವ ಹಿರಿಯರು ಯಾರು? ರಾತ್ರಿ ಫಿಟ್ಸು ಬಂದರೆ ವೈದ್ಯರು ಎಷ್ಟು ದೂರದಲ್ಲಿದ್ದಾರೆ? ಈ ಮೂರಕ್ಕೂ ನೇರವಾದ ಉತ್ತರ ದೊರೆಯುವ ಕೇಂದ್ರದಲ್ಲಿ ಅಳತೆ ಸರಿಯಾಗಿದೆಯೆಂದು ನಂಬಲು ಆಧಾರವುಂಟು.